ಹೆಸರೋ, ಚಿತ್ರವೋ? ಮೊದಲು ಯಾವುದನ್ನು ಕಾಯಬೇಕು?

ಕಳೆದ ಬೇಸಿಗೆ ರಜೆಯಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯೊಡನೆ ಮನೆಗೆ ಬಂದಿದ್ದಳು. ಕೈಯಲ್ಲಿ ಜೋಳದ ರೊಟ್ಟಿಯ ಎರಡು ಪೊಟ್ಟಣ, ಜೊತೆಗೆ ಪ್ಲಾಸ್ಟಿಕ್ ಹಾಳೆಯೊಳಗೆ ಜೋಪಾನವಾಗಿಟ್ಟ ಒಂದು ಸರ್ಟಿಫಿಕೇಟು. ತಾಯಿ ಹಲವು ವರ್ಷಗಳಿಂದ ರೊಟ್ಟಿ, ಶೇಂಗಾ ಚಟ್ನಿಪುಡಿ ಮಾಡಿ ಅಂಗಡಿಗಳಿಗೆ ಕೊಡುತ್ತಾರೆ. ನಾಲ್ವರು ಹೆಂಗಸರಿಗೆ ಅದರಿಂದ ದಿನಗೂಲಿ. ಮಗಳ ಕಾಲೇಜು ಫೀಸು ಹುಟ್ಟಿದ್ದೂ ಅದೇ ಹಂಚಿನ ಮೇಲೆ.

ಎರಡು ಪೊಟ್ಟಣಗಳನ್ನೂ ಮೇಜಿನ ಮೇಲಿಟ್ಟಳು. ಎರಡರ ಮೇಲೂ ಒಂದೇ ಹೆಸರು. ‘ಮನೆ’, ‘ರುಚಿ’ ಎಂಬಂಥ ಎರಡು ಸಾಮಾನ್ಯ ಪದಗಳನ್ನು ಕೂಡಿಸಿ ಮಾಡಿದ ಹೆಸರು ಅದು. ಒಂದರಲ್ಲಿ ಒಲೆಯ ಮುಂದೆ ಕುಳಿತ ಅಜ್ಜಿಯ ಚಿತ್ರ, ಹಳದಿ ಬಣ್ಣ. ಇನ್ನೊಂದರಲ್ಲಿ ಜೋಳದ ತೆನೆ, ಹಸಿರು ಬಣ್ಣ. ಹಳದಿ ಇವರದು. ಹಸಿರು ಪಕ್ಕದ ತಾಲ್ಲೂಕಿನ ಬೇರೆ ಯಾರದೋ.

‘ಸರ್, ನಾವು ನಾಲ್ಕು ವರ್ಷದ ಹಿಂದೆಯೇ ರಿಜಿಸ್ಟರ್ ಮಾಡಿಸಿದ್ದೇವೆ. ಸರ್ಟಿಫಿಕೇಟ್ ಇದೆಯಲ್ಲ? ಅವರನ್ನು ನಿಲ್ಲಿಸಬಹುದಲ್ಲವೇ?’ ಎಂಬುದು ಅವಳ ಪ್ರಶ್ನೆ.

ನಾನು ವಿಜ್ಞಾನದ ಮೇಷ್ಟ್ರು, ವಕೀಲನಲ್ಲ. ಆದರೂ ಓದಿ ಹೇಳುತ್ತೇನೆ ಎಂದೆ. ಕಾಯಿದೆಯ ಪುಸ್ತಕ ತರಿಸಿ ಓದಿದ ಮೇಲೆ ಅವಳಿಗೆ ಕೊಡಬೇಕಾಗಿ ಬಂದ ಉತ್ತರ ಸಿಹಿಯಾದದ್ದಾಗಿರಲಿಲ್ಲ. ಇಂದು ಮನೆಮನೆಯಲ್ಲೂ ಚಿಕ್ಕಪುಟ್ಟ ಉದ್ಯಮ ಹುಟ್ಟುತ್ತಿವೆ, ಕಾಲೇಜು ಮುಗಿಸುವ ಮುನ್ನವೇ ವಿದ್ಯಾರ್ಥಿಗಳು ವ್ಯಾಪಾರಕ್ಕೆ ಇಳಿಯುತ್ತಿದ್ದಾರೆ. ಆದ್ದರಿಂದ ಅಂದು ನಾನು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಗುರುತಿನ ಕಥೆ

ಸರಕಿನ ಮೇಲೆ ಗುರುತು ಹಾಕುವುದು ಕುಂಬಾರನಷ್ಟೇ ಹಳೆಯದು. ಅದಕ್ಕೆ ಸರಕಾರದ ದಫ್ತರಿನಲ್ಲಿ ಜಾಗ ಸಿಕ್ಕಿದ್ದು ಈಚೆಗೆ. ಇಂಗ್ಲೆಂಡಿನಲ್ಲಿ 1875ರ ಕಾಯಿದೆಯ ಪ್ರಕಾರ 1876ರ ಜನವರಿ 1ರಂದು ನೋಂದಣಿ ಆರಂಭವಾಯಿತು. ಅಂದು ಒಂದನೆಯ ಸಂಖ್ಯೆ ಪಡೆದದ್ದು ಬಾಸ್ ಎಂಬ ಬಿಯರ್ ಕಂಪೆನಿಯ ಕೆಂಪು ತ್ರಿಕೋನವಿದ್ದ ಲೇಬಲ್ಲು. ಫ್ರೆಂಚ್ ಕಲಾವಿದ ಮಾನೆ 1882ರಲ್ಲಿ ಮುಗಿಸಿದ ಪ್ಯಾರಿಸ್ಸಿನ ಮದ್ಯದಂಗಡಿಯ ಚಿತ್ರದಲ್ಲೂ ಆ ತ್ರಿಕೋನದ ಸೀಸೆ ಕಾಣಿಸುತ್ತದೆ.

ನಮ್ಮ ದೇಶದಲ್ಲಿ ಮೊದಲ ಟ್ರೇಡ್ ಮಾರ್ಕ್ ಕಾಯಿದೆ ಬಂದದ್ದು 1940ರಲ್ಲಿ, ಅನಂತರದ್ದು 1958ರಲ್ಲಿ. ಈಗ ಜಾರಿಯಲ್ಲಿರುವುದು 1999ರ ಕಾಯಿದೆ. ಅದು ಜಾರಿಗೆ ಬಂದದ್ದು 2003ರ ಸೆಪ್ಟೆಂಬರ್‌ನಲ್ಲಿ. ಅರ್ಜಿ, ಶುಲ್ಕ ಮುಂತಾದ ವಿವರಗಳು 2017ರ ನಿಯಮಗಳಲ್ಲಿವೆ. ಹೆಸರು, ಚಿತ್ರ, ಅಕ್ಷರ, ಅಂಕಿ, ಬಣ್ಣಗಳ ಜೋಡಣೆ, ಪೊಟ್ಟಣದ ಆಕಾರ, ಕೊನೆಗೆ ಒಂದು ಧ್ವನಿಯನ್ನು ಕೂಡ ಗುರುತಾಗಿ ನೋಂದಾಯಿಸಬಹುದು.

ಮನೆಯ ಉದ್ಯಮದವರಿಗೆ ಮುಖ್ಯವಾದ ದಾರಿಗಳು ಮೂರು. ಮೊದಲನೆಯದು, ಬರಿಯ ಹೆಸರು. ಯಾವ ಅಲಂಕಾರವೂ ಇಲ್ಲದ ಪದ. ಎರಡನೆಯದು, ಬರಿಯ ಲಾಂಛನ, ಪದವಿಲ್ಲದ ಚಿತ್ರ. ಮೂರನೆಯದು, ಹೆಸರು, ಚಿತ್ರ, ಬಣ್ಣ ಎಲ್ಲವೂ ಸೇರಿದ ಲೇಬಲ್ಲು. ಪ್ರತಿಯೊಂದಕ್ಕೂ ಬೇರೆ ಅರ್ಜಿ, ಬೇರೆ ಶುಲ್ಕ.

ಒಂದು ಅರ್ಜಿಗೆ, ಒಂದು ವರ್ಗದ ಸರಕಿಗೆ, ವ್ಯಕ್ತಿಗಳಿಗೂ ಸಣ್ಣ ಉದ್ದಿಮೆಗಳಿಗೂ ಕಂಪ್ಯೂಟರ್ ಮೂಲಕ ಸಲ್ಲಿಸಿದರೆ 4,500 ರೂಪಾಯಿ, ಕಾಗದದಲ್ಲಿ ಸಲ್ಲಿಸಿದರೆ 5,000 ರೂಪಾಯಿ. ದೊಡ್ಡ ಕಂಪೆನಿಗಳಿಗೆ ಇದರ ಎರಡರಷ್ಟು. ಹೀಗಿರುವಾಗ ‘ಮೂರೂ ಒಂದರಲ್ಲೇ ಬಂದುಬಿಡಲಿ’ ಎಂದು ಎಲ್ಲರಿಗೂ ಅನ್ನಿಸುವುದು ಸಹಜ. ಆ ತಾಯಿಗೂ ಅರ್ಜಿ ಬರೆದುಕೊಟ್ಟವರು ಇದನ್ನೇ ಹೇಳಿದ್ದರು. ಒಂದೇ ಖರ್ಚಿನಲ್ಲಿ ಅಜ್ಜಿ, ಒಲೆ, ಹಳದಿ ಬಣ್ಣ, ಹೆಸರು ಎಲ್ಲವೂ ನೋಂದಣಿಯಾಯಿತು. ತೊಡಕು ಇದ್ದುದು ಅಲ್ಲಿಯೇ.

ನೀರು ನಿಮ್ಮದು, ಜಲಜನಕ ನಿಮ್ಮದಲ್ಲ

ಎಂಟನೆಯ ತರಗತಿಯಲ್ಲಿ ನಾವು ಮಿಶ್ರಣಕ್ಕೂ ಸಂಯುಕ್ತಕ್ಕೂ ಇರುವ ವ್ಯತ್ಯಾಸ ಕಲಿಸುತ್ತೇವೆ. ನೀರಿನಲ್ಲಿ ಜಲಜನಕವಿದೆ, ಆಮ್ಲಜನಕವಿದೆ. ಆದರೆ ನೀರಿನ ಗುಣ ಬೇರೆ, ಅವೆರಡರ ಗುಣ ಬೇರೆ. ನೀರು ತುಂಬಿದ ಕೊಡ ನನ್ನದು ಎಂದವನು ಲೋಕದ ಜಲಜನಕವೆಲ್ಲ ನನ್ನದು ಎನ್ನಲಾರ.

ಕಾಯಿದೆಯ 17ನೆಯ ಕಲಮು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಹಲವು ಭಾಗಗಳಿರುವ ಗುರುತನ್ನು ನೋಂದಾಯಿಸಿದರೆ ಹಕ್ಕು ಸಿಗುವುದು ಆ ಇಡೀ ಗುರುತಿಗೆ. ಅದರೊಳಗಿನ ಒಂದು ಭಾಗವನ್ನು ಪ್ರತ್ಯೇಕವಾಗಿ ನೋಂದಾಯಿಸಿರದಿದ್ದರೆ, ಅಥವಾ ಆ ಭಾಗ ವ್ಯಾಪಾರದಲ್ಲಿ ಎಲ್ಲರೂ ಬಳಸುವ ಸಾಮಾನ್ಯ ಮಾತಾಗಿದ್ದರೆ, ಅದರ ಮೇಲೆ ಪ್ರತ್ಯೇಕ ಹಕ್ಕು ಬರುವುದಿಲ್ಲ. ಲೇಬಲ್ಲಿನಲ್ಲಿ ಎದ್ದು ಕಾಣುವ ವಿಶಿಷ್ಟ ಭಾಗವನ್ನು ಇನ್ನೊಬ್ಬ ಕದ್ದರೆ ನ್ಯಾಯಾಲಯ ಅದನ್ನು ಗಣನೆಗೆ ತೆಗೆದುಕೊಳ್ಳುತ್ತದೆ ಎಂಬುದು ನಿಜ. ಆದರೆ ಆ ಭಾಗ ‘ಮನೆ’, ‘ರುಚಿ’ಯಂಥ ಮಾತಾದರೆ ವಾದ ನಿಲ್ಲುವುದು ಕಷ್ಟ. ಪಕ್ಕದ ತಾಲ್ಲೂಕಿನವರು ಅಜ್ಜಿಯನ್ನು ಕದ್ದಿರಲಿಲ್ಲ, ಹಳದಿಯನ್ನು ಕದ್ದಿರಲಿಲ್ಲ. ತೆಗೆದುಕೊಂಡದ್ದು ಆ ಎರಡು ಪದಗಳನ್ನು ಮಾತ್ರ.

ಹಾಗಾದರೆ ಲೇಬಲ್ಲಿನ ನೋಂದಣಿ ವ್ಯರ್ಥವೇ? ಅಲ್ಲವೇ ಅಲ್ಲ. ಅದು ಕಾಯುವುದು ಇನ್ನೊಂದು ಬಗೆಯ ಕಳ್ಳತನದಿಂದ. ಇದಕ್ಕೆ ನಮ್ಮ ಮೈಸೂರಿಗೇ ಸೇರಿದ ಒಂದು ಮೊಕದ್ದಮೆಯ ಉದಾಹರಣೆಯಿದೆ.

ಷೆರ್ಲಾಕ್ ಹೋಮ್ಸ್ ಮತ್ತು ಬಿಸ್ಕತ್ತು

ಪಾರ್ಲೆ ಕಂಪೆನಿ ತನ್ನ ಗ್ಲುಕೋ ಬಿಸ್ಕತ್ತಿನ ಹೊದಿಕೆಯನ್ನು 1942ರಷ್ಟು ಹಿಂದೆಯೇ ನೋಂದಾಯಿಸಿತ್ತು. ನಸು ಹಳದಿ ಬಣ್ಣದ ಕಾಗದ, ನಡುವೆ ಕೊಡ ಹೊತ್ತ ಹುಡುಗಿ, ಸುತ್ತ ಹಸುಗಳು, ಕೋಳಿಗಳು, ಹಿಂದೆ ಹಟ್ಟಿಯ ಮನೆ, ಮರಗಳು. 1961ರಲ್ಲಿ ಮೈಸೂರಿನ ಒಂದು ಸಂಸ್ಥೆ ಇಂಥದೇ ಹೊದಿಕೆಯಲ್ಲಿ ಗ್ಲುಕೋಸ್ ಬಿಸ್ಕತ್ತು ಮಾರುತ್ತಿರುವುದು ಪಾರ್ಲೆಯವರ ಗಮನಕ್ಕೆ ಬಂತು. ಅಲ್ಲಿಯೂ ಹುಡುಗಿ, ಹಸು, ಕೋಳಿ ಇದ್ದವು. ಹುಡುಗಿಯ ತಲೆಯ ಮೇಲೆ ಮಾತ್ರ ಹುಲ್ಲಿನ ಹೊರೆ, ಕೈಯಲ್ಲಿ ಕುಡುಗೋಲು.

ಕೆಳಗಿನ ನ್ಯಾಯಾಲಯವೂ ಮೈಸೂರು ಹೈಕೋರ್ಟೂ ಎರಡರಲ್ಲಿ ವ್ಯತ್ಯಾಸಗಳಿವೆ ಎಂದು ದಾವೆಯನ್ನು ತಳ್ಳಿಹಾಕಿದವು. 1972ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಎರಡು ಪೊಟ್ಟಣಗಳನ್ನು ಅಕ್ಕಪಕ್ಕದಲ್ಲಿಟ್ಟು ವ್ಯತ್ಯಾಸ ಎಣಿಸುವುದು ಸರಿಯಾದ ಪರೀಕ್ಷೆಯಲ್ಲ; ಇಂದು ಒಂದನ್ನು ನೋಡಿದವನು ಇನ್ನೊಂದು ದಿನ ಮತ್ತೊಂದನ್ನು ಕಂಡು ಅದೇ ಎಂದು ಮೋಸ ಹೋಗುತ್ತಾನೆಯೇ ಎಂಬುದೇ ಮುಖ್ಯ ಎಂದಿತು. ಸಾಮಾನ್ಯ ಗಿರಾಕಿಗೆ ಷೆರ್ಲಾಕ್ ಹೋಮ್ಸನ ಸೂಕ್ಷ್ಮದೃಷ್ಟಿ ಇರುವುದಿಲ್ಲ ಎಂಬ ಅದರ ಮಾತು ವಕೀಲರ ಬಾಯಲ್ಲಿ ಇಂದಿಗೂ ಉಳಿದಿದೆ.

ಇದನ್ನು ಓದಿದ ಮೇಲೆ ನಾನು ಒಂಬತ್ತನೆಯ ತರಗತಿಯಲ್ಲಿ ಒಂದು ಆಟ ಆಡಿಸಿದೆ. ಮನೆಯಲ್ಲಿ ದಿನವೂ ಕಾಣುವ ಒಂದು ಬಿಸ್ಕತ್ತಿನ ಪೊಟ್ಟಣವನ್ನು ನೆನಪಿನಿಂದ ಬರೆಯಿರಿ ಎಂದೆ. ಹೆಸರನ್ನು ಎಲ್ಲರೂ ಸರಿಯಾಗಿ ಬರೆದರು. ಬಣ್ಣ ಬಹುಮಂದಿಗೆ ನೆನಪಿತ್ತು. ಚಿತ್ರದಲ್ಲಿ ಮಗುವಿನ ಕೈ ಎಲ್ಲಿದೆ, ಕೂದಲು ಹೇಗಿದೆ ಎಂಬಲ್ಲಿ ಒಬ್ಬೊಬ್ಬರದು ಒಂದೊಂದು ಬಗೆ. ಮಕ್ಕಳು ನಕ್ಕರು. ನನಗೆ ಮಾತ್ರ ಇಡೀ ಕಾಯಿದೆ ಆ ಹಾಳೆಗಳ ಮೇಲೆ ಕಂಡಿತು. ನಾವು ನೆನಪಿಡುವುದು ಹೆಸರನ್ನು, ಒಟ್ಟು ನೋಟವನ್ನು. ವಿವರಗಳನ್ನಲ್ಲ.

ಓದು ಬಾರದವರು, ಮಕ್ಕಳು ಚಿತ್ರ, ಬಣ್ಣ ನೋಡಿ ಕೊಳ್ಳುತ್ತಾರೆ. ಅಂಗಡಿಯ ಮುಂದೆ ನಿಂತು ಬಾಯಲ್ಲಿ ಕೇಳುವವರು ಹೆಸರು ಹಿಡಿದು ಕೊಳ್ಳುತ್ತಾರೆ. ನಿಮ್ಮ ಸರಕು ಹೇಗೆ ಮಾರಾಟವಾಗುತ್ತದೆ ಎಂಬುದನ್ನು ಮೊದಲು ಗಮನಿಸಿ. ಯಾವುದನ್ನು ನೋಂದಾಯಿಸಬೇಕು ಎಂಬುದಕ್ಕೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ.

ಹೆಸರಿಗೆ ಏಕೆ ಮೊದಲ ಮಣೆ?

ಹಣ ಒಂದೇ ಅರ್ಜಿಗೆ ಸಾಲುವುದಾದರೆ, ಹೆಸರು ವಿಶಿಷ್ಟವಾಗಿದ್ದರೆ, ಬರಿಯ ಹೆಸರನ್ನೇ ಮೊದಲು ನೋಂದಾಯಿಸುವುದು ಜಾಣತನ. ಅಲಂಕಾರವಿಲ್ಲದ ಪದಕ್ಕೆ ಸಿಗುವ ರಕ್ಷಣೆ ಯಾವುದೇ ಅಕ್ಷರವಿನ್ಯಾಸಕ್ಕೂ ಯಾವುದೇ ಬಣ್ಣಕ್ಕೂ ಹರಡುತ್ತದೆ. ಇನ್ನೊಬ್ಬರು ಅದೇ ಪದವನ್ನು ಹಸಿರಿನಲ್ಲಿ ಬರೆದರೂ ಒಂದೇ, ವಾರೆಯಾಗಿ ಬರೆದರೂ ಒಂದೇ.

ಲಾಂಛನ ಕಾಲಕಾಲಕ್ಕೆ ಬದಲಾಗುತ್ತದೆ. ಇಂದಿನ ಅಜ್ಜಿಯ ಚಿತ್ರ ಹತ್ತು ವರ್ಷಕ್ಕೆ ಹಳತೆನಿಸಿ ಹೊಸದು ಬರಬಹುದು. ನೋಂದಾಯಿಸಿದ ಗುರುತಿನ ಮೂಲಸ್ವರೂಪವನ್ನೇ ಬದಲಿಸುವಂಥ ತಿದ್ದುಪಡಿಗೆ ಕಾಯಿದೆಯಲ್ಲಿ ಅವಕಾಶವಿಲ್ಲ. ಹೊಸ ಚಿತ್ರಕ್ಕೆ ಹೊಸ ಅರ್ಜಿ ಬೇಕು. ನೋಂದಾಯಿಸಿದ ಗುರುತನ್ನು ಐದು ವರ್ಷಕ್ಕಿಂತ ಹೆಚ್ಚು ಕಾಲ ಬಳಸದೇ ಇದ್ದರೆ ಅದನ್ನು ದಫ್ತರಿನಿಂದ ತೆಗೆಸಲು ಬೇರೆಯವರು ಕೇಳಬಹುದು. ಹೆಸರಿಗೆ ಈ ಭಯ ಕಡಿಮೆ. ಚಿತ್ರ ಎಷ್ಟು ಬದಲಾದರೂ ಹೆಸರು ಬಳಕೆಯಲ್ಲಿರುತ್ತದೆ.

ಲಾಂಛನವನ್ನು ನೋಂದಾಯಿಸುವವರು ಬಣ್ಣದ ವಿಷಯದಲ್ಲೂ ಎಚ್ಚರವಾಗಿರಬೇಕು. ಬಣ್ಣದ ಮಿತಿಯಿಲ್ಲದೆ, ಕಪ್ಪು ಬಿಳುಪಿನಲ್ಲಿ ನೋಂದಾಯಿಸಿದರೆ ಅದು ಎಲ್ಲ ಬಣ್ಣಗಳಿಗೂ ಅನ್ವಯಿಸುತ್ತದೆ. ಬಣ್ಣವನ್ನು ಹೇಳಿಕೊಂಡು ನೋಂದಾಯಿಸಿದರೆ ಹಕ್ಕು ಆ ಬಣ್ಣಕ್ಕೆ ಸೀಮಿತ. ಬಣ್ಣವೇ ನಿಮ್ಮ ಗುರುತಾದರೆ ಮಾತ್ರ ಅದನ್ನು ಹೇಳಿಕೊಳ್ಳಿ.

ಎಂಥ ಹೆಸರು ಗಟ್ಟಿ?

ಹೆಸರೇನೋ ಸರಿ, ಆದರೆ ಎಲ್ಲ ಹೆಸರಿಗೂ ನೋಂದಣಿ ಸಿಗುವುದಿಲ್ಲ. ಸರಕಿನ ಗುಣ, ಜಾತಿ, ಪ್ರಮಾಣ, ಊರು ಇವನ್ನು ಹೇಳುವ ಮಾತು ಎಲ್ಲ ವ್ಯಾಪಾರಿಗಳಿಗೂ ಬೇಕು. ಅದನ್ನು ಒಬ್ಬನ ಕೈಗೆ ಕೊಡಲು 9ನೆಯ ಕಲಮು ಒಪ್ಪುವುದಿಲ್ಲ. ಬಹುಕಾಲ ಬಳಸಿ, ಜನ ಅದನ್ನು ನಿಮ್ಮ ಸರಕಿನ ಹೆಸರೆಂದೇ ಗುರುತಿಸುವಂತಾಗಿದೆ ಎಂದು ಸಾಕ್ಷ್ಯದೊಡನೆ ತೋರಿಸಿದರೆ ಮಾತ್ರ ವಿನಾಯಿತಿ. ‘ಧಾರವಾಡ ಪೇಡ’ ಯಾವ ಒಬ್ಬನ ಟ್ರೇಡ್ ಮಾರ್ಕೂ ಅಲ್ಲ. ಅದಕ್ಕೆ ಇರುವುದು ಭೌಗೋಳಿಕ ಗುರುತು. ಅದು ಬೇರೆಯೇ ಕಾಯಿದೆ.

ವಿಜ್ಞಾನದ ವಿದ್ಯಾರ್ಥಿಗಳಿಗೆ ಹಿಡಿಸುವ ಒಂದು ಕಲಮೂ ಇದೆ. ಯಾವುದೇ ಒಂದು ಮೂಲವಸ್ತುವಿನ ಅಥವಾ ಒಂದು ರಾಸಾಯನಿಕ ಸಂಯುಕ್ತದ ಬಳಕೆಯ ಹೆಸರನ್ನು ರಾಸಾಯನಿಕ ವಸ್ತುವಿಗೆ ಗುರುತಾಗಿ ನೋಂದಾಯಿಸುವಂತಿಲ್ಲ ಎನ್ನುತ್ತದೆ 13ನೆಯ ಕಲಮು. ಔಷಧಿಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟ ಸಾಮಾನ್ಯ ಹೆಸರುಗಳಿಗೂ ಇದೇ ನಿಯಮ. ಇದರ ಹಿಂದಿನ ತಿಳಿವಳಿಕೆ ಆಸ್ಪಿರಿನ್‌ನ ಕಥೆಯಲ್ಲಿದೆ. 1899ರಲ್ಲಿ ಜರ್ಮನಿಯ ಬೇಯರ್ ಕಂಪೆನಿ ಅದನ್ನು ತನ್ನ ಹೆಸರಾಗಿ ನೋಂದಾಯಿಸಿತ್ತು. ಜನ ಆ ಔಷಧಿಯನ್ನೇ ಆಸ್ಪಿರಿನ್ ಎಂದು ಕರೆಯತೊಡಗಿದರು. ಅಮೆರಿಕದ ನ್ಯಾಯಾಲಯವೊಂದು 1921ರಲ್ಲಿ, ಗ್ರಾಹಕರ ಪಾಲಿಗೆ ಅದು ಔಷಧಿಯ ಹೆಸರೇ ಹೊರತು ಕಂಪೆನಿಯ ಗುರುತಲ್ಲ ಎಂದುಬಿಟ್ಟಿತು. ತೀರ ಹೆಸರುವಾಸಿಯಾಗುವುದರಲ್ಲೂ ಅಪಾಯವಿದೆ ನೋಡಿ!

ಎಲ್ಲಕ್ಕಿಂತ ಗಟ್ಟಿ ಹೆಸರೆಂದರೆ ನಿಘಂಟಿನಲ್ಲಿ ಇಲ್ಲದ್ದು. ಜಾರ್ಜ್ ಈಸ್ಟ್‌ಮನ್ 1888ರಲ್ಲಿ ತನ್ನ ಕ್ಯಾಮೆರಾಗೆ ‘ಕೊಡಾಕ್’ ಎಂದು ಹೆಸರಿಟ್ಟ. ಆ ಪದಕ್ಕೆ ಯಾವ ಭಾಷೆಯಲ್ಲೂ ಅರ್ಥವಿರಲಿಲ್ಲ. ಅರ್ಥವಿಲ್ಲದ್ದರಿಂದಲೇ ಅದರ ಮೇಲೆ ಬೇರೆ ಯಾರಿಗೂ ಹಕ್ಕಿರಲಿಲ್ಲ.

ನಂದಿನಿ ಇಬ್ಬರು

ಅರ್ಥವಿರುವ, ಎಲ್ಲರೂ ಬಲ್ಲ ಹೆಸರಿಟ್ಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದ ಪ್ರಸಿದ್ಧ ಉದಾಹರಣೆ ‘ನಂದಿನಿ’. ಕರ್ನಾಟಕ ಹಾಲು ಮಹಾಮಂಡಳ 1985ರಿಂದ ಈ ಹೆಸರಿನಲ್ಲಿ ಹಾಲು ಮಾರುತ್ತಿದೆ. 1989ರಿಂದ ‘ನಂದಿನಿ ಡಿಲಕ್ಸ್’ ಎಂಬ ಹೋಟೆಲು ಸಂಸ್ಥೆಯೂ ಹೆಸರಾಗಿದೆ. ಇಂಗ್ಲಿಷಿನಲ್ಲಿ ಅದರ ಕಾಗುಣಿತದಲ್ಲಿ ಒಂದಕ್ಷರ ಹೆಚ್ಚು, ಅಷ್ಟೇ. ಹೋಟೆಲಿನವರು ತಮ್ಮ ಆಹಾರ ಪದಾರ್ಥಗಳಿಗೆ ಈ ಹೆಸರನ್ನು ನೋಂದಾಯಿಸಲು ಹೊರಟಾಗ ಮಹಾಮಂಡಳ ತಕರಾರು ತೆಗೆಯಿತು. ಮೊದಲ ಹಂತದಲ್ಲಿ ಹೋಟೆಲು ಗೆದ್ದಿತು. ಮೇಲ್ಮನವಿ ಮಂಡಳಿಯಲ್ಲೂ ಹೈಕೋರ್ಟಿನಲ್ಲೂ ಮಹಾಮಂಡಳ ಗೆದ್ದಿತು. ಕೊನೆಗೆ 2018ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೋಟೆಲಿನ ಪರವಾಗಿ ತೀರ್ಪಿತ್ತಿತು. ಹಾಲು ಮತ್ತು ಹಾಲಿನ ಪದಾರ್ಥಗಳಿಗೆ ಮಾತ್ರ ಆ ಹೆಸರು ಬಳಸಕೂಡದು ಎಂಬುದು ನಿಬಂಧನೆ.

ಕಾರಣಗಳನ್ನು ಗಮನಿಸಿ. ನಂದಿನಿ ಎಂಬುದು ಪುರಾಣದ ಹಸುವಿನ ಹೆಸರು, ದೇವಿಯ ಹೆಸರು. ಯಾರೂ ಹೊಸದಾಗಿ ಕಂಡುಹಿಡಿದದ್ದಲ್ಲ. ಎರಡರ ಲಾಂಛನಗಳು ಬೇರೆ. ಒಂದರಲ್ಲಿ ಹಸು, ಇನ್ನೊಂದರಲ್ಲಿ ದೀಪ. ಸರಕುಗಳೂ ಬೇರೆ. ಒಂದು ವರ್ಗದಲ್ಲಿ ಒಂದೆರಡು ಸರಕಿಗೆ ಗುರುತು ಪಡೆದವರು ಆ ಇಡೀ ವರ್ಗವೇ ತಮ್ಮದೆನ್ನಲಾಗದು.

ವರ್ಗ ಎಂದರೇನು? ಲೋಕದ ಸರಕು, ಸೇವೆಗಳನ್ನೆಲ್ಲ 45 ವರ್ಗಗಳಾಗಿ ವಿಂಗಡಿಸಿದ್ದಾರೆ. ಒಂದರಿಂದ 34ರವರೆಗೆ ಸರಕು, 35ರಿಂದ 45ರವರೆಗೆ ಸೇವೆ. ಸಾಬೂನು, ಊದುಬತ್ತಿ 3ನೆಯ ವರ್ಗ. ಆಟಿಕೆ 28. ಹಾಲು, ಉಪ್ಪಿನಕಾಯಿ 29. ರೊಟ್ಟಿ, ಮಸಾಲೆ 30. ಶಿಕ್ಷಣ 41. ಹೋಟೆಲು 43. ನೀವು ಇಂದು ಮಾರುವುದನ್ನೂ ಇನ್ನೆರಡು ಮೂರು ವರ್ಷಗಳಲ್ಲಿ ಖಂಡಿತ ಮಾರಬೇಕೆಂದಿರುವುದನ್ನೂ ಪಟ್ಟಿ ಮಾಡಿ, ಅದಕ್ಕೆ ತಕ್ಕ ವರ್ಗ ಆರಿಸಿ. ಆಸೆಗೆ ಬಿದ್ದು ಹತ್ತು ವರ್ಗಕ್ಕೆ ಅರ್ಜಿ ಹಾಕಿದರೆ ಶುಲ್ಕವೂ ಹತ್ತರಷ್ಟು.

ಅರ್ಜಿಯ ಹಾದಿ

ಮೊದಲು ಹುಡುಕಾಟ. ಟ್ರೇಡ್ ಮಾರ್ಕ್ ಇಲಾಖೆಯ ಜಾಲತಾಣದಲ್ಲಿ ಯಾರು ಬೇಕಾದರೂ ಹಣ ಕೊಡದೆ ಹುಡುಕಬಹುದು. ಅಕ್ಷರ ಹಿಡಿದೂ ಉಚ್ಚಾರ ಹಿಡಿದೂ ನೋಡಬೇಕು. ಚಿತ್ರಗಳನ್ನು ಹುಡುಕಲು ವಿಯೆನ್ನಾ ಒಪ್ಪಂದದ ಸಂಕೇತಸಂಖ್ಯೆಗಳಿವೆ. ಸಸ್ಯಗಳನ್ನು ನಾವು ವರ್ಗೀಕರಿಸುವಂತೆಯೇ ಅಲ್ಲಿ ಮನುಷ್ಯ, ಪ್ರಾಣಿ, ಗಿಡ, ಆಕೃತಿಗಳಿಗೆ ಒಂದೊಂದು ಸಂಖ್ಯೆ.

ಅರ್ಜಿ ಕೊಟ್ಟ ಮೇಲೆ ಪರಿಶೀಲನೆ. ಆಕ್ಷೇಪ ಬಂದರೆ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಒಪ್ಪಿಗೆಯಾದರೆ ಇಲಾಖೆಯ ಪತ್ರಿಕೆಯಲ್ಲಿ ಪ್ರಕಟಣೆ. ನಾಲ್ಕು ತಿಂಗಳೊಳಗೆ ಯಾರೂ ವಿರೋಧಿಸದಿದ್ದರೆ ನೋಂದಣಿ. ಅದರ ಅವಧಿ ಅರ್ಜಿಯ ದಿನದಿಂದ ಹತ್ತು ವರ್ಷ. ಮತ್ತೆ ಹತ್ತು ಹತ್ತು ವರ್ಷಕ್ಕೆ ನವೀಕರಿಸುತ್ತ ಹೋಗಬಹುದು. ಮುಂಬಯಿ, ಅಹಮದಾಬಾದ್, ಚೆನ್ನೈ, ದೆಹಲಿ, ಕೋಲ್ಕತ್ತ ಹೀಗೆ ಐದು ಕಚೇರಿಗಳಿದ್ದು ಕರ್ನಾಟಕದವರಿಗೆ ಚೆನ್ನೈ. ಹೆಸರು ಕನ್ನಡ ಲಿಪಿಯಲ್ಲಿಯೇ ಇರಬಹುದು. ಆದರೆ ಅದರ ಉಚ್ಚಾರವನ್ನೂ ಅರ್ಥವನ್ನೂ ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆದುಕೊಡಬೇಕು.

ಅರ್ಜಿ ಹಾಕಿದ ಮಾತ್ರಕ್ಕೆ ವೃತ್ತದೊಳಗಿನ ‘ಆರ್’ ಚಿಹ್ನೆ ಮುದ್ರಿಸಬೇಡಿ. ಅದು ನೋಂದಣಿ ಮುಗಿದವರಿಗೆ ಮಾತ್ರ. ಸುಳ್ಳಾಗಿ ಹಾಕಿಕೊಳ್ಳುವುದು ಕಾಯಿದೆಗೆ ವಿರುದ್ಧ. ‘ಟಿಎಂ’ ಎಂದು ಹಾಕಲು ಅಡ್ಡಿಯಿಲ್ಲ.

ಲಾಂಛನ ಬರೆದುಕೊಟ್ಟ ಕಲಾವಿದನಿಂದ ಒಂದು ಪತ್ರ ಬರೆಸಿಕೊಳ್ಳುವುದನ್ನೂ ಮರೆಯಬೇಡಿ. ಹಣ ಕೊಟ್ಟ ಮಾತ್ರಕ್ಕೆ ರೇಖಾಚಿತ್ರದ ಕೃತಿಸ್ವಾಮ್ಯ ನಿಮ್ಮದಾಗಿಬಿಡುತ್ತದೆ ಎಂದು ತಿಳಿಯಬಾರದು. ಹಕ್ಕನ್ನು ವರ್ಗಾಯಿಸಿದ್ದೇನೆ ಎಂದು ಆತ ಸಹಿ ಮಾಡಿಕೊಟ್ಟರೆ ಮುಂದೆ ಜಗಳವಿಲ್ಲ.

ಹಳೆಯ ಬಿಲ್ಲುಗಳನ್ನು ತೂಕಕ್ಕೆ ಹಾಕಬೇಡಿ. ನೋಂದಣಿಗಿಂತ ಮುಂಚಿನಿಂದಲೂ ಪ್ರಾಮಾಣಿಕವಾಗಿ ಬಳಸುತ್ತ ಬಂದವನ ಹಕ್ಕನ್ನು ಕಾಯಿದೆ ಮಾನ್ಯ ಮಾಡುತ್ತದೆ. ಅದನ್ನು ಸಾಬೀತು ಮಾಡುವುದು ಆ ಹರಿದ ಬಿಲ್ಲುಗಳೇ. ನಕಲು ಕಂಡರೆ ಸುಮ್ಮನಿರಲೂ ಬೇಡಿ. 1962ರಲ್ಲಿ ‘ಅಮೃತಧಾರಾ’ ಔಷಧಿಯವರ ಮೊಕದ್ದಮೆಯಲ್ಲಿ ‘ಲಕ್ಷ್ಮಣಧಾರಾ’ ಎಂಬ ಹೆಸರು ಗೊಂದಲ ಹುಟ್ಟಿಸುತ್ತದೆ ಎಂದು ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ಬಹುಕಾಲ ಸುಮ್ಮನಿದ್ದುದರಿಂದ, ಉತ್ತರ ಪ್ರದೇಶದ ಮಟ್ಟಿಗೆ ಎದುರಾಳಿಯ ನೋಂದಣಿ ಉಳಿಯಿತು.

ಈ ಕೆಲಸದಲ್ಲಿ ಉದ್ಯೋಗದ ದಾರಿಯೂ ಇದೆ. ವಕೀಲರೇ ಆಗಬೇಕೆಂದಿಲ್ಲ. 21 ತುಂಬಿದ ಯಾವುದೇ ಪದವೀಧರರು ನಿಗದಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಟ್ರೇಡ್ ಮಾರ್ಕ್ ಏಜೆಂಟರಾಗಿ ಹೆಸರು ನೋಂದಾಯಿಸಿಕೊಳ್ಳಬಹುದು.

ರೊಟ್ಟಿಯ ಹೊಸ ಹೆಸರು

ಇಷ್ಟನ್ನು ಹೇಳಿದಾಗ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನಾಲ್ಕು ವರ್ಷ ಈ ಕಾಗದವನ್ನು ದೇವರ ಮನೆಯಲ್ಲಿ ಇಟ್ಟಿದ್ದೆ ಮೇಷ್ಟ್ರೇ’ ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ. ಕಾಗದ ಸುಳ್ಳಲ್ಲ, ಅಜ್ಜಿಯ ಚಿತ್ರವನ್ನು ಯಾರಾದರೂ ನಕಲು ಮಾಡಿದರೆ ಅದು ಕೈಹಿಡಿಯುತ್ತದೆ ಎಂದೆ.

ಮುಂದಿನ ವಾರ ಮಗಳು ಒಂದು ಹಾಳೆ ತಂದಳು. ಅಜ್ಜಿಯ ಹೆಸರಿನ ಮೊದಲ ಅಕ್ಷರಗಳನ್ನೂ ಅಜ್ಜಿಯ ತವರೂರಿನ ಕೊನೆಯ ಅಕ್ಷರಗಳನ್ನೂ ಜೋಡಿಸಿ ಒಂದು ಪದ ಕಟ್ಟಿದ್ದಳು. ಕೇಳಲು ಇಂಪು, ನಿಘಂಟಿನಲ್ಲಿ ಇಲ್ಲ, ಇಲಾಖೆಯ ಪಟ್ಟಿಯಲ್ಲೂ ಇರಲಿಲ್ಲ. ಅದು ಏನೆಂದು ಇಲ್ಲಿ ಬರೆದರೆ ಜಾಹೀರಾತಾದೀತು. 30ನೆಯ ವರ್ಗದಲ್ಲಿ ಬರಿಯ ಪದವಾಗಿ ಅರ್ಜಿ ಹೋಯಿತು. ಗಿರಾಕಿಗಳು ಗಲಿಬಿಲಿಗೊಳ್ಳದಂತೆ ಹಳದಿ ಪೊಟ್ಟಣ, ಅಜ್ಜಿ, ಹಳೆಯ ಎರಡು ಪದ ಹಾಗೆಯೇ ಇವೆ. ಅವುಗಳ ಮೇಲೆ ಹೊಸ ಹೆಸರು ದಪ್ಪಕ್ಷರದಲ್ಲಿ, ಪಕ್ಕದಲ್ಲಿ ಚಿಕ್ಕದಾಗಿ ‘ಟಿಎಂ’.

ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ. ಮೊನ್ನೆ ಅಂಗಡಿಗೆ ಹೋದಾಗ ಒಬ್ಬ ಹುಡುಗ ಆ ಹೊಸ ಹೆಸರು ಹೇಳಿ ರೊಟ್ಟಿ ಕೇಳುವುದನ್ನು ಕೇಳಿದೆ. ಪೊಟ್ಟಣದ ಬಣ್ಣವನ್ನು ಅವನು ಹೇಳಲಿಲ್ಲ.